ಬಸವನಗುಡಿಯ ತಾರಸಿಯಿಂದ ಉಪಗ್ರಹದ ಫೋಟೊ

ಟೆಲಿಸ್ಕೋಪು ಕೊಳ್ಳುತ್ತೇನೆ ಎಂದು ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಬಾಯಿ ಬಿಟ್ಟರೆ ಸಾಕು, 'ಈ ಊರಲ್ಲಿ ನಕ್ಷತ್ರ ಎಲ್ಲಿ ಕಾಣುತ್ತೆ ಸ್ವಾಮಿ, ಕಾವಲೂರಿನ ವೀಕ್ಷಣಾಲಯಕ್ಕೆ ಹೋಗಿ' ಎಂಬ ಬುದ್ಧಿಮಾತು ಸಿದ್ಧವಾಗಿರುತ್ತದೆ. ಅದು ಅರ್ಧ ನಿಜ. ನೀಹಾರಿಕೆ, ಗ್ಯಾಲಕ್ಸಿಗಳ ಮಟ್ಟಿಗೆ ಬೆಂಗಳೂರಿನ ಆಕಾಶ ಎಂದೋ ಕೈಬಿಟ್ಟು ಹೋಗಿದೆ. ಬೀದಿದೀಪ, ಅಂಗಡಿಸಾಲು, ಅಪಾರ್ಟ್‌ಮೆಂಟಿನ ಫೋಕಸ್ ಲೈಟು ಎಲ್ಲ ಸೇರಿ ಮೇಲೆ ಹರಡಿದ ಮಸುಕು ಬೆಳಕು ಅವನ್ನು ನುಂಗಿಹಾಕಿದೆ.

ಉಪಗ್ರಹದ ಲೆಕ್ಕ ಬೇರೆ. ಅದರ ಮೈಮೇಲೆ ಬೀಳುವುದು ಚಂದ್ರನ ಮೇಲೆ ಬೀಳುವಂಥದೇ ನೇರ ಬಿಸಿಲು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನೆತ್ತಿಯ ಹತ್ತಿರ ಹಾದುಹೋಗುವಾಗ ಗುರುಗ್ರಹವನ್ನೂ ಮೀರಿಸಿ ಹೊಳೆಯುತ್ತದೆ, ಕೆಲವೊಮ್ಮೆ ಶುಕ್ರನಿಗೆ ಸಮನಾಗುತ್ತದೆ. ಗಾಂಧಿ ಬಜಾರಿನ ದೀಪಗಳೆಲ್ಲ ಉರಿಯುತ್ತಿದ್ದರೂ ಅದಕ್ಕೇನೂ ಕೊರತೆಯಾಗದು. ಹಾಗಾಗಿ ನಗರದೊಳಗಿನ ಹವ್ಯಾಸಿಗೆ ನನ್ನ ಸಲಹೆ ಸರಳ: ಉಪಗ್ರಹದಿಂದ ಶುರುಮಾಡಿ. ಅದರಲ್ಲೂ ಓಡುವ ಉಪಗ್ರಹಕ್ಕೆ ಮೊದಲು ನಿಂತ ಉಪಗ್ರಹ. ಎಲ್ಲರೂ ನೇರವಾಗಿ ಬಾಹ್ಯಾಕಾಶ ನಿಲ್ದಾಣದ ಬೆನ್ನು ಹತ್ತುತ್ತಾರೆ, ಎರಡು ವಾರದಲ್ಲಿ ಬೇಸತ್ತು ಟೆಲಿಸ್ಕೋಪನ್ನು ಅಟ್ಟಕ್ಕೆ ಹಾಕುತ್ತಾರೆ.

ಈ ಹವ್ಯಾಸಕ್ಕೆ ಈ ಊರಿನಷ್ಟು ಹಕ್ಕಿರುವ ಊರು ದೇಶದಲ್ಲಿ ಇನ್ನೊಂದಿಲ್ಲ. ಮಲ್ಲೇಶ್ವರದಿಂದ ಯಶವಂತಪುರ ದಾಟಿದರೆ ಸಿಗುವ ಪೀಣ್ಯದ ಶೆಡ್ಡುಗಳಲ್ಲೇ ಯು. ಆರ್. ರಾವ್ ಅವರ ತಂಡ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿತು. 360 ಕಿಲೊ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿ, 1992ರಲ್ಲಿ ವಾತಾವರಣಕ್ಕೆ ಮರಳಿತು. ಉಪಗ್ರಹಗಳ ಜಾಡು ಹಿಡಿಯುವ ಇಸ್ರೊದ ಇಸ್ಟ್ರಾಕ್ ಕೇಂದ್ರ ಈಗಲೂ ಪೀಣ್ಯದಲ್ಲೇ ಇದೆ.

ಜಾಗ ನೋಡಿಕೊಳ್ಳುವುದು

ಅಂಗಡಿಗೆ ಹೋಗುವ ಮುಂಚೆ ಸಂಜೆ ಏಳಕ್ಕೆ ತಾರಸಿ ಹತ್ತಿ ಸುತ್ತ ನೋಡಿ. ಸಿಂಟೆಕ್ಸ್ ಟ್ಯಾಂಕು ಯಾವ ಮೂಲೆಯಲ್ಲಿದೆ, ಸೋಲಾರ್ ಹೀಟರ್ ಯಾವ ದಿಕ್ಕನ್ನು ಮರೆಮಾಡುತ್ತದೆ, ಪಕ್ಕದ ಮನೆಯ ತೆಂಗಿನ ಗರಿ ಎಲ್ಲಿಯವರೆಗೆ ಚಾಚಿದೆ, ಬೀದಿಯ ಮಳೆಮರ ಎಷ್ಟು ಎತ್ತರ. ಹಳೇ ಬಡಾವಣೆಗಳಲ್ಲಿ ದಿಗಂತ ಎನ್ನುವುದು ಇಲ್ಲ. ಮೂವತ್ತು ಡಿಗ್ರಿಗಿಂತ ಮೇಲಿನದಷ್ಟೇ ನಮ್ಮ ಪಾಲಿನ ಆಕಾಶ. ಈ ಕೆಲಸಕ್ಕೆ ಅಷ್ಟು ಸಾಕು.

ಇಡೀ ದಿನ ಬಿಸಿಲು ಕುಡಿದ ಆರ್‌ಸಿಸಿ ಚಾವಣಿ ಸಂಜೆಯಿಂದ ಶಾಖ ಉಗುಳುತ್ತದೆ. ಆ ಶಾಖಕ್ಕೆ ಗಾಳಿ ಕುದಿಯುತ್ತದೆ, ಚಿತ್ರ ನಡುಗುತ್ತದೆ. ಬೆಳಗಿನ ಜಾವಕ್ಕೆ ಚಾವಣಿ ತಣಿದಿರುವುದರಿಂದ ಅದೇ ಟೆಲಿಸ್ಕೋಪು, ಅದೇ ಕ್ಯಾಮೆರಾ ಇನ್ನಷ್ಟು ಸ್ಪಷ್ಟ ಚಿತ್ರ ಕೊಡುತ್ತವೆ. ಟೆಲಿಸ್ಕೋಪನ್ನು ಒಂದು ಗಂಟೆ ಮುಂಚೆ ಹೊರಗಿಟ್ಟರೆ ಕನ್ನಡಿಯೂ ಹೊರಗಿನ ಗಾಳಿಯ ತಾಪಕ್ಕೆ ಬರುತ್ತದೆ. ಇನ್ನು ಅದುರುವಿಕೆ. ಚಾವಣಿಯ ನಡುವಿನಲ್ಲಿ ಸ್ಟ್ಯಾಂಡು ಇಟ್ಟರೆ ಯಾರೋ ಒಣಗಿದ ಬಟ್ಟೆ ತೆಗೆಯಲು ನಾಲ್ಕು ಹೆಜ್ಜೆ ಇಟ್ಟದ್ದೂ ಚಿತ್ರದಲ್ಲಿ ಕಾಣುತ್ತದೆ. ಗೋಡೆಯ ಮೇಲೋ ಕಂಬದ ಮೇಲೋ ಬರುವ ಮೂಲೆ ಒಳ್ಳೆಯದು.

ಚಾಮರಾಜಪೇಟೆಯ ಹಳೇ ಮನೆಗಳಲ್ಲಿ ಇನ್ನೂ ಹಿತ್ತಿಲು ಉಳಿದಿದ್ದರೆ ನೀವು ಪುಣ್ಯವಂತರು. ಮಣ್ಣಿನ ನೆಲ ಅದುರುವುದಿಲ್ಲ, ಅಷ್ಟು ಕಾಯುವುದೂ ಇಲ್ಲ. ಆಕಾಶದ ತುಂಡು ಚಿಕ್ಕದು, ನಿಜ. ಆದರೆ ಮುಂದೆ ಹೇಳುವ ಮೊದಲ ಪಾಠಕ್ಕೆ ತೆಂಗಿನ ಗರಿಗಳ ನಡುವಿನ ಆ ತುಂಡೇ ಸಾಕು.

ಯಾವ ಟೆಲಿಸ್ಕೋಪು? ಧ್ರುವನಕ್ಷತ್ರಕ್ಕೆ ಹೊಂದಿಸಬೇಕಾದ ಇಕ್ವಟೋರಿಯಲ್ ಸ್ಟ್ಯಾಂಡಿನ ಗೋಜು ಬೇಡ. ನಮ್ಮ ಅಕ್ಷಾಂಶದಲ್ಲಿ ಧ್ರುವ ದಿಗಂತದಿಂದ ಬರೀ 13 ಡಿಗ್ರಿ ಮೇಲೆ, ಅಂದರೆ ಉತ್ತರದ ಮನೆಯ ಅಡುಗೆಮನೆ ಕಿಟಕಿಯ ಹಿಂದೆ ಇರುತ್ತಾನೆ. ತಿರುಗುವ ಪೆಟ್ಟಿಗೆಯ ಮೇಲೆ ಕೊಳವೆ ಕೂರಿಸಿದ ಡಾಬ್ಸನ್ ಮಾದರಿಯದು, 6 ಇಂಚು ಅಥವಾ 8 ಇಂಚಿನ ಕನ್ನಡಿಯದು, ಓಡುವ ಉಪಗ್ರಹಕ್ಕೆ ಸರಿ. ನಿಂತ ಉಪಗ್ರಹಕ್ಕೆ 130 ಮಿಲಿಮೀಟರ್ ಕನ್ನಡಿಯ ಸಣ್ಣದೂ ಆದೀತು. ಕೆಲವು ಸಣ್ಣ ನ್ಯೂಟೋನಿಯನ್‌ಗಳಲ್ಲಿ ಡಿಎಸ್‌ಎಲ್‌ಆರ್ ಜೋಡಿಸಿದರೆ ಫೋಕಸ್ಸೇ ಸಿಗದು. ಕೊಳ್ಳುವ ಮುಂಚೆ ಇದೊಂದನ್ನು ಕೇಳಿ. ಹೈಗ್ರೌಂಡ್ಸಿನ ಜವಾಹರಲಾಲ್ ನೆಹರೂ ತಾರಾಲಯಕ್ಕೆ ಬರುವ ಹವ್ಯಾಸಿಗಳ ಪರಿಚಯ ಮಾಡಿಕೊಂಡರೆ ಹಳೆಯದೊಂದು ಕೈಗೆ ಸಿಗಬಹುದು, ಕನ್ನಡಿ ಹೊಂದಿಸುವುದನ್ನು ಕಲಿಸುವವರೂ ಸಿಕ್ಕಾರು. ಕೇಬಲ್ಲು, ಬ್ಯಾಟರಿ, ಹಳೇ ಲ್ಯಾಪ್‌ಟಾಪಿಗೆ ಹೊಸ ಎಸ್‌ಎಸ್‌ಡಿ ಇವಕ್ಕೆ ಎಸ್. ಪಿ. ರೋಡ್ ಇದ್ದೇ ಇದೆ.

ನಿಂತ ಉಪಗ್ರಹ

ಭೂಸ್ಥಿರ ಉಪಗ್ರಹಗಳು ಸಮಭಾಜಕದ ಮೇಲೆ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತಿರುಗುವ ವೇಗಕ್ಕೇ ಸುತ್ತುತ್ತವೆ. ಹಾಗಾಗಿ ನಮ್ಮ ಕಣ್ಣಿಗೆ ಕದಲುವುದಿಲ್ಲ. ಲಂಡನ್ನಿನವರಿಗೆ ಅವು ದಕ್ಷಿಣದಲ್ಲಿ ಕೆಳಗೆ ಎಲ್ಲೋ ಇರುತ್ತವೆ. ಬೆಂಗಳೂರಿನಿಂದ ಮಾತ್ರ ದಕ್ಷಿಣಕ್ಕೆ 75 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ! ಮರ, ಟ್ಯಾಂಕು, ಅಪಾರ್ಟ್‌ಮೆಂಟು ಯಾವುದೂ ಅಡ್ಡ ಬರದು. ಬೀದಿಯ ಟಿವಿ ತಟ್ಟೆಗಳೆಲ್ಲ ಮುಖ ಮೇಲೆತ್ತಿ ಕೂತಿರುವುದಕ್ಕೂ ಇದೇ ಕಾರಣ. ತಟ್ಟೆಯ ಮುಖ ಉಪಗ್ರಹದ ಕಡೆ ನೇರವಾಗಿ ಇರುವುದಿಲ್ಲ, ಅದಕ್ಕಿಂತ ಕೆಳಗೆ ಬಾಗಿರುತ್ತದೆ. ಆದರೆ ಪೂರ್ವ-ಪಶ್ಚಿಮದ ದಿಕ್ಕು ತಿಳಿಯಲು ಅದು ಸಾಕು.

83 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಮ್ಮ ಒಂದಕ್ಕಿಂತ ಹೆಚ್ಚು ಸಂಪರ್ಕ ಉಪಗ್ರಹಗಳು ಒಂದೇ ಬೀದಿಯ ಮನೆಗಳಂತೆ ಒತ್ತೊತ್ತಾಗಿವೆ. ಟಾಟಾ ಪ್ಲೇಗೆ ಕಾರ್ಯಕ್ರಮ ಒದಗಿಸುವ ಜಿಸ್ಯಾಟ್-24 ಅವುಗಳಲ್ಲಿ ಒಂದು. ಇವುಗಳ ಚುಕ್ಕಾಣಿ ಹಾಸನದಲ್ಲಿರುವ ಇಸ್ರೊದ ನಿಯಂತ್ರಣ ಕೇಂದ್ರ ಎಂಸಿಎಫ್ ಕೈಯಲ್ಲಿದೆ. ಬಸವನಗುಡಿಯಿಂದ ನೋಡಿದರೆ ಈ ಗುಂಪು ದಕ್ಷಿಣದಿಂದ ಸ್ವಲ್ಪ ಪೂರ್ವಕ್ಕೆ, ಸುಮಾರು 73 ಡಿಗ್ರಿ ಮೇಲೆ ಇರುತ್ತದೆ.

ನಿಲ್ದಾಣದಂತಲ್ಲದೆ ಇವು ಬಹು ದೂರದವು, ಹಾಗಾಗಿ ತೀರ ಮಸುಕು. ಇಷ್ಟು ಮಸುಕಾದದ್ದನ್ನು ಹುಡುಕುವುದು ಹೇಗೆ? ಇದಕ್ಕೆ ಮಹಾವ್ಯಾಧ ನಕ್ಷತ್ರಪುಂಜದ ನಡುಪಟ್ಟಿಯ ಮೂರು ನಕ್ಷತ್ರಗಳು ನೆರವಿಗೆ ಬರುತ್ತವೆ. ಬೆಂಗಳೂರಿನಿಂದ ನೋಡುವವರಿಗೆ ಭೂಸ್ಥಿರ ಉಪಗ್ರಹಗಳ ಸಾಲು ಖಗೋಳದ ಸಮಭಾಜಕಕ್ಕಿಂತ ಎರಡೂಕಾಲು ಡಿಗ್ರಿ ದಕ್ಷಿಣಕ್ಕೆ ಬೀಳುತ್ತದೆ. ನಡುಪಟ್ಟಿಯ ಪೂರ್ವದ ತುದಿಯ ನಕ್ಷತ್ರ ಅಲ್ನಿಟಾಕ್ ಇರುವುದು ಎರಡು ಡಿಗ್ರಿಗೆ ತುಸು ಕಡಿಮೆ ದಕ್ಷಿಣದಲ್ಲಿ. ಅಂದರೆ ಪ್ರತಿ ರಾತ್ರಿ ಅಲ್ನಿಟಾಕ್ ಆ ಉಪಗ್ರಹಗಳ ಪಕ್ಕದಲ್ಲೇ, ಚಂದ್ರಬಿಂಬದ ಅಗಲದ ಮೂರನೇ ಎರಡು ಭಾಗದಷ್ಟು ಉತ್ತರಕ್ಕೆ ಹಾದುಹೋಗುತ್ತದೆ. ಫೆಬ್ರುವರಿ ನಡುವಿನಲ್ಲಿ ಈ ಹಾಯುವಿಕೆ ರಾತ್ರಿ ಎಂಟಕ್ಕೆ ಐದು ನಿಮಿಷ ಇರುವಾಗ. ದಿನಕ್ಕೆ ನಾಲ್ಕು ನಿಮಿಷ ಬೇಗ ಆಗುತ್ತ ಹೋಗುತ್ತದೆ. ಆ ಹೊತ್ತಿಗೆ ಅಲ್ನಿಟಾಕನ್ನು ನೋಟದ ನಡುವೆ ತಂದು, ಕೊಳವೆಯನ್ನು ಸ್ವಲ್ಪವೇ ದಕ್ಷಿಣಕ್ಕೆ ಇಳಿಸಿ, ಸ್ಟ್ಯಾಂಡಿನ ತಿರುಪುಗಳನ್ನು ಬಿಗಿ ಮಾಡಿಬಿಡಿ. ನಕ್ಷತ್ರ ತನ್ನ ಪಾಡಿಗೆ ಪಶ್ಚಿಮಕ್ಕೆ ಜಾರುತ್ತದೆ, ಟೆಲಿಸ್ಕೋಪಿನ ಗುರಿ ಉಪಗ್ರಹದ ಮೇಲೇ ಉಳಿಯುತ್ತದೆ. ಕೆಳಗಿಳಿದು ಊಟ ಮುಗಿಸಿ ಬನ್ನಿ. ರಾತ್ರಿ ಏರಿದಂತೆ ಉಪಗ್ರಹದ ಹೊಳಪೂ ಏರುತ್ತದೆ.

650 ಮಿಲಿಮೀಟರ್ ಫೋಕಲ್ ಲೆಂಗ್ತಿನ ಟೆಲಿಸ್ಕೋಪಿಗೆ ಸಾಧಾರಣ ಡಿಎಸ್‌ಎಲ್‌ಆರ್ ಜೋಡಿಸಿದರೆ ಸುಮಾರು ಎರಡು ಡಿಗ್ರಿ ಅಗಲದ ಆಕಾಶ ಸಿಗುತ್ತದೆ. ಐಎಸ್‌ಒ 800, ಐದು ಸೆಕೆಂಡಿನ ಎಕ್ಸ್‌ಪೋಷರ್. ಅದಕ್ಕಿಂತ ಹೆಚ್ಚಿಗೆ ಬಿಟ್ಟರೆ ನಗರದ ಬೆಳಕಿಗೆ ಚಿತ್ರ ಬಿಳುಪೇರುತ್ತದೆ. ಒಂದೇ ಉದ್ದದ ಚಿತ್ರಕ್ಕೆ ಬದಲು ಚಿಕ್ಕವು ಐವತ್ತು ಅರವತ್ತು ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿ. ಕೂಡಿಸಿದ ಚಿತ್ರದಲ್ಲಿ ನಕ್ಷತ್ರಗಳೆಲ್ಲ ಒಂದೇ ದಿಕ್ಕಿಗೆ ಎಳೆದ ಗೀಟುಗಳಾಗಿರುತ್ತವೆ. ಅವುಗಳ ನಡುವೆ ಎರಡು ಮೂರು ಚುಕ್ಕೆ ಮಾತ್ರ ಅಲುಗದೆ ಚುಕ್ಕೆಯಾಗಿಯೇ ನಿಂತಿದ್ದರೆ ಅವೇ ಉಪಗ್ರಹಗಳು. ಮೋಟರು ಬೇಡ, ಓಟ ಬೇಡ. ಟೆಲಿಸ್ಕೋಪು ಅಲುಗದಿದ್ದರೆ ಕೆಲಸ ಆಯಿತು. ಫೋಕಸ್ ಮಾಡುವುದು, ಅದುರು ತಡೆಯುವುದು, ಚಿತ್ರ ಕೂಡಿಸುವುದು ಮೂರೂ ಇಲ್ಲೇ ಕೈಗೆ ಹತ್ತುತ್ತವೆ.

ಮಾರ್ಚ್ 21ರ ಆಸುಪಾಸಿನಲ್ಲಿ ಇದೇ ಗುಂಪನ್ನು ರಾತ್ರಿ ಹನ್ನೊಂದರಿಂದ ಚಿತ್ರಿಸಿ ನೋಡಿ. ಸೂರ್ಯನಿಗೆ ನೇರ ಎದುರಾದಾಗ ಅವು ಹೆಚ್ಚು ಹೊಳೆಯುತ್ತವೆ. ಹನ್ನೊಂದೂವರೆಯ ಹೊತ್ತಿಗೆ ಭೂಮಿಯ ನೆರಳಿಗೆ ಹೊಕ್ಕು ಪೂರಾ ಮಾಯವಾಗುತ್ತವೆ, ಸುಮಾರು ಒಂದು ಗಂಟೆ ಹತ್ತು ನಿಮಿಷ ಕಳೆದು ಮತ್ತೆ ಅಲ್ಲೇ ಹತ್ತಿಕೊಳ್ಳುತ್ತವೆ. ಟಿವಿ ಮಾತ್ರ ನಿಲ್ಲುವುದಿಲ್ಲ; ಆ ಹೊತ್ತಿಗೆ ಉಪಗ್ರಹ ಬ್ಯಾಟರಿಯ ಮೇಲೆ ನಡೆಯುತ್ತದೆ.

ಓಡುವ ನಿಲ್ದಾಣ

ಈಗ ಬಾಹ್ಯಾಕಾಶ ನಿಲ್ದಾಣ. 109 ಮೀಟರ್ ಉದ್ದ, ಸುಮಾರು 420 ಕಿಲೋಮೀಟರ್ ಎತ್ತರ, ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಮಿಗಿಲಾದ ವೇಗ. ನೆತ್ತಿಯ ಮೇಲಿದ್ದಾಗ ಅದರ ತೋರಗಾತ್ರ ಐವತ್ತು ಆರ್ಕ್‌ಸೆಕೆಂಡಿಗೆ ಸ್ವಲ್ಪ ಹೆಚ್ಚು, ಗುರುಗ್ರಹಕ್ಕಿಂತ ತುಸು ದೊಡ್ಡದು. ದಿಗಂತದಿಂದ 30 ಡಿಗ್ರಿ ಮೇಲೆ ಮಾತ್ರ ಹಾದರೆ ದೂರ ಹೆಚ್ಚು ಕಡಿಮೆ ಇಮ್ಮಡಿಯಾಗಿ ಗಾತ್ರ ಅರ್ಧಕ್ಕಿಳಿಯುತ್ತದೆ. ಆದ್ದರಿಂದ 60 ಡಿಗ್ರಿಗಿಂತ ಮೇಲೆ ಏರುವ ಹಾದಿಗಳನ್ನಷ್ಟೇ ಆರಿಸಿಕೊಳ್ಳಿ. ಆದರೆ ಸರೀ ನೆತ್ತಿಯದು ಬೇಡ. ಡಾಬ್ಸನ್ ಕೊಳವೆ ನೇರ ಮೇಲೆ ನೋಡುವಾಗ ತಿರುಗಿಸಲು ಬಾರದು. 60ರಿಂದ 75 ಡಿಗ್ರಿ ಹದ.

ಯಾವಾಗ ಬರುತ್ತದೆ ಎಂಬುದನ್ನು ಹೆವೆನ್ಸ್ ಅಬೌವ್ ಜಾಲತಾಣವೋ ನಾಸಾದ ಸ್ಪಾಟ್ ದ ಸ್ಟೇಷನ್ನೋ ಹೇಳುತ್ತವೆ. ನಿಮ್ಮ ಮನೆಯ ಅಕ್ಷಾಂಶ ರೇಖಾಂಶ ಹಾಕಿ. ಬರೀ 'ಬೆಂಗಳೂರು' ಸಾಲದು. ನಿಲ್ದಾಣವನ್ನು ಆಗಾಗ ಎಂಜಿನ್ ಉರಿಸಿ ಮೇಲೆತ್ತುವುದರಿಂದ ಕಕ್ಷೆಯ ಮಾಹಿತಿ ಅದೇ ದಿನದ್ದಿರಬೇಕು. ಕೆಲವು ದಿನ ಸಂಜೆ ಕಾಣುತ್ತದೆ, ಇನ್ನು ಕೆಲವು ದಿನ ಬೆಳಗಿನ ಜಾವ. ನಡುವೆ ಬರಗಾಲ. ನಡುರಾತ್ರಿ ಬೆಂಗಳೂರಿಗೆ ಅದು ಕಾಣುವುದೇ ಇಲ್ಲ. ಯೂರೋಪಿನ ಬೇಸಿಗೆಯಲ್ಲಿ ಸೂರ್ಯ ದಿಗಂತದ ಕೆಳಗೆ ಹೆಚ್ಚು ಇಳಿಯದ ಕಾರಣ ನಿಲ್ದಾಣದ ಮೇಲೆ ರಾತ್ರಿಯಿಡೀ ಬಿಸಿಲಿರುತ್ತದೆ. ನಮ್ಮಲ್ಲಿ ಸೂರ್ಯ ನೆಟ್ಟಗೆ ಮುಳುಗುವವನು. ಸೂರ್ಯಾಸ್ತವಾಗಿ ಸುಮಾರು 80 ನಿಮಿಷಕ್ಕೆ ನೆತ್ತಿಯ ಮೇಲಿನ ನಿಲ್ದಾಣವೂ ನೆರಳಿಗೆ ಸೇರುತ್ತದೆ. ಮೊದಲ ಇಪ್ಪತ್ತು ಇಪ್ಪತ್ತೈದು ನಿಮಿಷ ಆಕಾಶ ಇನ್ನೂ ಬೆಳ್ಳಗಿರುತ್ತದೆ. ಉಳಿದದ್ದು ಒಂದು ಗಂಟೆ, ಅಷ್ಟೇ. ಬೆಳಿಗ್ಗೆ ಇದೇ ಲೆಕ್ಕ ತಿರುಗುಮುರುಗು.

ಕ್ಯಾಮೆರಾ ಇಲ್ಲಿ ಡಿಎಸ್‌ಎಲ್‌ಆರ್‌ಗಿಂತ ಗ್ರಹಗಳ ಚಿತ್ರಕ್ಕೆ ಬಳಸುವ ಪುಟ್ಟ ವಿಡಿಯೊ ಕ್ಯಾಮೆರಾ ಆದರೆ ಮೇಲು; ಸೆಕೆಂಡಿಗೆ ನೂರು ಫ್ರೇಮ್ ತೆಗೆಯುವಂಥದು. ಲೆಕ್ಕ ಕಷ್ಟವಲ್ಲ. ಪಿಕ್ಸೆಲ್ಲಿನ ಅಳತೆಯನ್ನು ಮೈಕ್ರಾನ್‌ನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಟೆಲಿಸ್ಕೋಪಿನ ಫೋಕಲ್ ಲೆಂಗ್ತ್ ಎಷ್ಟು ಮಿಲಿಮೀಟರೋ ಅದರಿಂದ ಭಾಗಿಸಿ. 2.9 ಮೈಕ್ರಾನಿನ ಪಿಕ್ಸೆಲ್ಲು, 1200 ಮಿಲಿಮೀಟರಿನ 8 ಇಂಚಿನ ಡಾಬ್ಸನ್ ಆದರೆ ಪ್ರತಿ ಪಿಕ್ಸೆಲ್ಲಿಗೆ ಅರ್ಧ ಆರ್ಕ್‌ಸೆಕೆಂಡು. ನಿಲ್ದಾಣ ಸುಮಾರು ನೂರು ಪಿಕ್ಸೆಲ್ ಉದ್ದಕ್ಕೆ ಬರುತ್ತದೆ. ಸೌರಫಲಕಗಳ ಸಾಲು, ನಡುವಿನ ಮಾಡ್ಯೂಲುಗಳು ಬೇರೆಬೇರೆಯಾಗಿ ತಿಳಿಯಲು ಇಷ್ಟು ಸಾಕು. ಬಾರ್ಲೊ ಲೆನ್ಸು ಹಾಕಿ ಇಮ್ಮಡಿ ಮಾಡೋಣ ಎಂಬ ಆಸೆ ಮೊದಲ ವರ್ಷ ಬೇಡ. ನೋಟದ ಅಗಲ ಅರ್ಧವಾಗುತ್ತದೆ, ನಿಲ್ದಾಣ ಫ್ರೇಮಿಗೇ ಬೀಳುವುದಿಲ್ಲ.

ಎಕ್ಸ್‌ಪೋಷರ್ ಸೆಕೆಂಡಿನ ಸಾವಿರದಲ್ಲೊಂದು ಭಾಗ, ಸಾಧ್ಯವಾದರೆ ಎರಡು ಸಾವಿರದಲ್ಲೊಂದು. ನಿಲ್ದಾಣ ನೆತ್ತಿಯಲ್ಲಿ ಸೆಕೆಂಡಿಗೆ ಒಂದು ಡಿಗ್ರಿ ಸರಿಯುತ್ತದೆ. ಕೊಳವೆ ನಿಂತೇ ಇದ್ದರೆ ಸಾವಿರದಲ್ಲೊಂದು ಸೆಕೆಂಡಿನಲ್ಲೂ ನಾಲ್ಕು ಆರ್ಕ್‌ಸೆಕೆಂಡಿನಷ್ಟು ಚಿತ್ರ ಬಳಿದುಹೋಗುತ್ತದೆ. ಗೇನ್ ಎಷ್ಟಿರಬೇಕೆಂದು ತಿಳಿಯಲು ಚಂದ್ರನಿದ್ದರೆ ಅವನ ಮೇಲೆ ಪರೀಕ್ಷೆ ಮಾಡಿ. ಬಿಸಿಲು ಇಬ್ಬರಿಗೂ ಒಂದೇ. ನಿಲ್ದಾಣದ ಬಿಳಿ ಭಾಗಗಳು ಚಂದ್ರನ ನೆಲಕ್ಕಿಂತ ಬೆಳ್ಳಗಿರುವುದರಿಂದ ಅದಕ್ಕಿಂತ ಸ್ವಲ್ಪ ಕಡಿಮೆ ಇಡಿ. ಫೋಕಸ್ಸನ್ನು ಚಂದ್ರನ ಮೇಲೋ ಸಿರಿಯಸ್ ಮೇಲೋ ಮಾಡಿ, ಫೋಕಸರಿಗೆ ಟೇಪು ಸುತ್ತಿಬಿಡಿ.

ಆಮೇಲಿನದು ಕೈಚಳಕ. ಯಂತ್ರಗಳಿಂದ ಅಟ್ಟಿಸಿಕೊಂಡು ಹೋಗುವ ಏರ್ಪಾಡುಗಳಿವೆ. ನೆದರ್ಲೆಂಡ್ಸಿನ ರಾಲ್ಫ್ ವಾಂಡೆಬರ್ಗ್ ಮಾತ್ರ 10 ಇಂಚಿನ ನ್ಯೂಟೋನಿಯನ್ ಕೊಳವೆಯನ್ನು ಕೈಯಿಂದಲೇ ತಿರುಗಿಸಿ ತೆಗೆದ ಚಿತ್ರಗಳಿಂದ ಹೆಸರು ಮಾಡಿದರು. ಗುರಿ ಹಿಡಿಯಲು ಕೊಳವೆಯ ಮೇಲೆ ಕೂರಿಸುವ ಪುಟ್ಟ ದುರ್ಬೀನು, ಅಂದರೆ ಅಡ್ಡಗೆರೆಯಿರುವ ನೇರ ನೋಟದ ಫೈಂಡರ್ ಬೇಕು, ನೋಟ ಮಡಿಚುವಂಥದು ಬೇಡ. ದೂರದ ಮೊಬೈಲ್ ಟವರಿನ ತುದಿಯ ಕೆಂಪು ದೀಪವನ್ನು ಕ್ಯಾಮೆರಾದ ನಡುವೆ ತಂದು, ಫೈಂಡರಿನ ಅಡ್ಡಗೆರೆ ಅದೇ ದೀಪದ ಮೇಲೆ ಕೂರುವವರೆಗೆ ತಿರುಪು ಹೊಂದಿಸಿ. ಕತ್ತಲಾದ ಮೇಲೆ ಒಂದು ನಕ್ಷತ್ರದ ಮೇಲೆ ಇನ್ನೊಮ್ಮೆ. ಇಲ್ಲಿ ಕೂದಲೆಳೆ ತಪ್ಪಿದರೂ ಇಡೀ ರಾತ್ರಿಯ ಕೆಲಸ ನೀರುಪಾಲು, ಯಾಕೆಂದರೆ ಕ್ಯಾಮೆರಾದ ನೋಟ ಚಂದ್ರಬಿಂಬದ ಅರ್ಧದಷ್ಟೂ ಅಗಲವಿರುವುದಿಲ್ಲ. ಅಭ್ಯಾಸಕ್ಕೆ ದೇವನಹಳ್ಳಿಯಿಂದ ಎದ್ದು ಊರ ಮೇಲೆ ಹಾಯುವ ವಿಮಾನಗಳಿವೆ. ಕಣ್ಣು ಫೈಂಡರಿನಲ್ಲಿ, ಎರಡೂ ಕೈ ಕೊಳವೆಯ ಮೇಲೆ, ವಿಮಾನದ ದೀಪ ಅಡ್ಡಗೆರೆಯಿಂದ ಆಚೀಚೆ ಹೋಗದಂತೆ ನೂಕುವುದು ರೂಢಿಯಾದರೆ ನಿಲ್ದಾಣವೂ ಸಿಕ್ಕೀತು. ಹಸಿರು ಲೇಸರನ್ನು ಮಾತ್ರ ಮೇಲಕ್ಕೆ ಹಿಡಿಯಲೇಬೇಡಿ. ಪೈಲಟ್ಟಿನ ಕಣ್ಣು ಕುಕ್ಕುವುದು ಅಪಾಯ ಮಾತ್ರವಲ್ಲ, ಅಪರಾಧ.

ಹಾದುಹೋಗಲು ಐದಾರು ನಿಮಿಷ. ಚೆನ್ನಾಗಿ ಚಿತ್ರ ಬರುವುದು ನಡುವಿನ ಒಂದೂವರೆ ಎರಡು ನಿಮಿಷ. ಸಾವಿರಾರು ಫ್ರೇಮಿನಲ್ಲಿ ಬಹುಪಾಲು ಬರೀ ಕಪ್ಪು. ಕೆಲವು ಡಜನ್ ಫ್ರೇಮಿನಲ್ಲಿ ನಿಲ್ದಾಣ ಓರೆಯಾಗಿ ತೂರಿಹೋಗಿರುತ್ತದೆ, ಅವುಗಳಲ್ಲಿ ಗಾಳಿ ಶಾಂತವಾಗಿದ್ದ ನಾಲ್ಕೋ ಐದೋ ಇಡಬಹುದಾದವು. ಪಿಪ್ ತಂತ್ರಾಂಶ ಖಾಲಿ ಫ್ರೇಮುಗಳನ್ನು ಹೆಕ್ಕಿ ಬಿಸಾಡುತ್ತದೆ, ಆಟೊಸ್ಟ್ಯಾಕರ್ಟ್ ಉಳಿದವನ್ನು ಕೂಡಿಸುತ್ತದೆ, ಎರಡೂ ಉಚಿತ. ಒಂದೆರಡು ಸೆಕೆಂಡಿನ ಒಳಗಿನ ಫ್ರೇಮುಗಳನ್ನು ಮಾತ್ರ ಕೂಡಿಸಿ. ಆಮೇಲಿನದರಲ್ಲಿ ನಿಲ್ದಾಣ ಮಗ್ಗುಲು ಬದಲಿಸಿರುತ್ತದೆ. ಅತಿಯಾಗಿ ತಿದ್ದಬೇಡಿ. ಶಾರ್ಪನಿಂಗ್ ಹೆಚ್ಚಾದ ಚಿತ್ರದಲ್ಲಿ ಇಲ್ಲದ ಕಂಬಿ, ಇಲ್ಲದ ಕಿಟಕಿ ಹುಟ್ಟುವುದನ್ನು ಬೇಕಾದಷ್ಟು ನೋಡಿದ್ದೇವೆ.

2025ರ ಜೂನ್ 26ರಿಂದ ಜುಲೈ 14ರವರೆಗೆ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಈ ನಿಲ್ದಾಣದಲ್ಲಿದ್ದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಕಳಿಸಿದ ಹೆಸರುಕಾಳು, ಮೆಂತ್ಯ ಆಗ ಅಲ್ಲಿ ಮೊಳಕೆಯೊಡೆದವು. ತಿಂಗಳು ಮಾತ್ರ ನಮ್ಮ ಮುಂಗಾರಿನದು, ತಾರಸಿಯ ಟೆಲಿಸ್ಕೋಪಿಗೆ ರಜೆ ಕೊಡುವ ಕಾಲ.

ಚಂದ್ರನ ಮುಂದೆ, ಸೂರ್ಯನ ಮುಂದೆ

ಅಟ್ಟಿಸಿಕೊಂಡು ಹೋಗುವುದು ಒಗ್ಗದಿದ್ದರೆ ಇನ್ನೊಂದು ದಾರಿ: ನಿಲ್ದಾಣ ಚಂದ್ರನ ಅಥವಾ ಸೂರ್ಯನ ಬಿಂಬದ ಮುಂದೆ ಹಾಯುವಾಗ ಕಾದು ಹಿಡಿಯುವುದು. ಟೆಲಿಸ್ಕೋಪು ಬಿಂಬದ ಕಡೆ ತಿರುಗಿದ್ದರೆ ಸಾಕು, ವಿಡಿಯೊ ಒಂದು ನಿಮಿಷ ಮುಂಚೆ ಚಾಲೂ ಮಾಡಿ. ಘಟನೆ ಅರ್ಧ ಸೆಕೆಂಡಿನಲ್ಲಿ ಮುಗಿಯುತ್ತದೆ. ಫ್ರಾನ್ಸಿನ ಥಿಯೆರಿ ಲೆಗೊ 2006ರ ಸೆಪ್ಟೆಂಬರಿನಲ್ಲಿ ಅಟ್ಲಾಂಟಿಸ್ ನೌಕೆಯನ್ನೂ ನಿಲ್ದಾಣವನ್ನೂ ಒಟ್ಟಿಗೇ ಸೂರ್ಯನ ಮುಂದೆ ಹಿಡಿದದ್ದು ಹೀಗೇ. ಕಷ್ಟ ಜಾಗದ್ದು. ನೆತ್ತಿಯ ಹತ್ತಿರದ ಹಾಯುವಿಕೆ ನೆಲದ ಮೇಲೆ ಕಾಣುವ ಪಟ್ಟಿ ನಾಲ್ಕು ಕಿಲೋಮೀಟರಿಗಿಂತ ಕಿರಿದು. ಬಸವನಗುಡಿಗೂ ಮಲ್ಲೇಶ್ವರಕ್ಕೂ ನಡುವೆ ನೇರ ಗೆರೆಯಲ್ಲಿ ಏಳು ಕಿಲೋಮೀಟರ್. ಹಾಗಾಗಿ ಒಂದು ಬಡಾವಣೆಯವರಿಗೆ ಕಂಡದ್ದು ಇನ್ನೊಂದರವರಿಗೆ ಕಾಣದೆ ಹೋಗಬಹುದು. ಐಎಸ್‌ಎಸ್ ಟ್ರಾನ್ಸಿಟ್ ಫೈಂಡರ್ ಎಂಬ ಜಾಲತಾಣ ಆ ಪಟ್ಟಿಯನ್ನು ನಕ್ಷೆಯ ಮೇಲೆ ಎಳೆದು ತೋರಿಸುತ್ತದೆ. ಪಟ್ಟಿಯೊಳಗೆ ತಾರಸಿಯಿರುವ ನಂಟರೊಬ್ಬರನ್ನು ಹುಡುಕಿಕೊಳ್ಳಿ.

ಸೂರ್ಯನ ವಿಷಯದಲ್ಲಿ ರಾಜಿ ಇಲ್ಲ. ಫಿಲ್ಟರು ಕೊಳವೆಯ ಬಾಯಿಗೆ, ಪೂರ್ತಿ ಮುಚ್ಚುವ ಹಾಗೆ ಇರಬೇಕು. ಕಣ್ಣಿನ ತುದಿಗೆ ಹಾಕುವ ಫಿಲ್ಟರ್ ಶಾಖಕ್ಕೆ ಸೀಳಿದರೆ ಕಣ್ಣು ಹೋದಂತೆಯೇ. ಫೈಂಡರಿಗೂ ಮುಚ್ಚಳ ಹಾಕಿ. ಎಕ್ಸ್-ರೇ ಫಿಲ್ಮು, ಕಪ್ಪು ಗಾಜು ಯಾವುದೂ ನಡೆಯದು.

ಹಬಲ್ ದೂರದರ್ಶಕ ನಮಗೆ ಸಿಕ್ಕ ಬೋನಸ್ಸು. ಅದರ ಕಕ್ಷೆ ಸಮಭಾಜಕಕ್ಕೆ 28.5 ಡಿಗ್ರಿಯಷ್ಟೇ ಓರೆ, ಹಾಗಾಗಿ ಲಂಡನ್ನಿಗೆ ಕಾಣದ ಹಬಲ್ ನಮ್ಮ ನೆತ್ತಿಯ ಮೇಲೇ ಹಾಯುತ್ತದೆ. 13 ಮೀಟರ್ ಉದ್ದದ ಅದು ಟೆಲಿಸ್ಕೋಪಿನಲ್ಲಿ ಪುಟ್ಟ ಗೀಟಾಗಿ ಬಂದರೂ ದೊಡ್ಡ ಮಾತು. ಚೀನಾದ ಟಿಯಾಂಗಾಂಗ್ ನಿಲ್ದಾಣವೂ ಹೀಗೇ ಎತ್ತರಕ್ಕೆ ಬರುತ್ತದೆ.

ಕೊನೆಗೆ ನೆರೆಹೊರೆ. ಇರುಳಲ್ಲಿ ತಾರಸಿಯ ಮೇಲೆ ಕೊಳವೆ ತಿರುಗಿಸುತ್ತ ಓಡಾಡುವವರನ್ನು ಎದುರುಮನೆಯವರು ಸಂಶಯದಿಂದ ನೋಡಿದರೆ ತಪ್ಪು ಅವರದಲ್ಲ. ಮೊದಲ ವಾರವೇ ಅವರನ್ನು ಕರೆದು ಚಂದ್ರನನ್ನೋ ಶನಿಯ ಉಂಗುರವನ್ನೋ ತೋರಿಸಿಬಿಡಿ. ಆಮೇಲೆ ಬೇಕಾದಾಗ ಅವರ ಮಹಡಿ ದೀಪ ಆರಿಸಿ ಎಂದು ಕೇಳುವ ಸಲಿಗೆಯೂ ಸಿಗುತ್ತದೆ.

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ನಂಬಬಹುದಾದ ಆಕಾಶ ಡಿಸೆಂಬರಿನಿಂದ ಏಪ್ರಿಲ್‌ವರೆಗೆ. ಹಾಗಾಗಿ ಟೆಲಿಸ್ಕೋಪು ದೀಪಾವಳಿಯ ಹೊತ್ತಿಗೆ ಮನೆಯಲ್ಲಿರಲಿ, ಪಟಾಕಿ ಹೊಗೆ ಇಳಿಯುವಷ್ಟರಲ್ಲಿ ಫೈಂಡರ್ ಹೊಂದಿಸುವುದು ಕಲಿತಿರಿ. ಬಾಹ್ಯಾಕಾಶ ನಿಲ್ದಾಣವನ್ನು 2030ರವರೆಗೆ ನಡೆಸಿ ಆಮೇಲೆ ಪೆಸಿಫಿಕ್ ಸಾಗರಕ್ಕೆ ಇಳಿಸುವುದು ನಾಸಾದ ಯೋಜನೆ. ಅಷ್ಟರೊಳಗೆ ನಮಗೆ ಸಿಗುವ ಚಳಿಗಾಲಗಳು ಬೆರಳೆಣಿಕೆಯಷ್ಟೇ.